ಎತ್ತರ ಮುಟ್ಟಿದ ರಾಕೆಟ್ ಬೀಳುವುದೇಕೆ?

ಪ್ರಶ್ನೆ: ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಆಟದಲ್ಲಿ ರಾಕೆಟ್ 80 ಕಿ.ಮೀ. ಮುಟ್ಟಿದರೂ ಕೆಳಗೆ ಬೀಳುತ್ತದೆ. ಲಿನಕ್ಸ್‌ನಲ್ಲಿ ಆಲ್ಟ್ ಕೀಲಿಯೂ ಕೆಲಸ ಮಾಡುವುದಿಲ್ಲ. ಏನು ಮಾಡಲಿ?

ಉತ್ತರ: ನೀವು ಎತ್ತರ ಗಳಿಸಿದ್ದೀರಿ, ಅಡ್ಡವೇಗ ಗಳಿಸಿಲ್ಲ. ಕಕ್ಷೆಗೆ ಬೇಕಾದದ್ದು ಮುಖ್ಯವಾಗಿ ಅಡ್ಡವೇಗವೇ. ಆಟದಲ್ಲಿ ನೀವು ಹಾರುವ ಕೆರ್ಬಿನ್ ಗ್ರಹದ ಗಾಳಿ 70 ಕಿ.ಮೀ.ಗೆ ಮುಗಿಯುತ್ತದೆ, 80 ಕಿ.ಮೀ.ಯಲ್ಲಿ ಸುತ್ತುತ್ತಿರಲು ಸೆಕೆಂಡಿಗೆ ಸುಮಾರು 2,280 ಮೀಟರ್ ವೇಗ ಬೇಕು. ಅಲ್ಲಿಗೆ ತಲುಪಲು ರಾಕೆಟ್‌ನ ಒಟ್ಟು ಡೆಲ್ಟಾ-ವಿ (ಇರುವ ಇಂಧನದಿಂದ ವೇಗವನ್ನು ಎಷ್ಟು ಬದಲಿಸಬಹುದು ಎಂಬ ಲೆಕ್ಕ) ಸೆಕೆಂಡಿಗೆ ಸುಮಾರು 3,400 ಮೀಟರ್ ಇರಲಿ.

ವೇಗ ಸೆಕೆಂಡಿಗೆ 50–100 ಮೀ. ಆದಾಗ ಪೂರ್ವಕ್ಕೆ ಐದು ಡಿಗ್ರಿ ವಾಲಿಸಿ. ಗ್ರಹ ತಿರುಗುವುದೂ ಅತ್ತಲೇ, ಸೆಕೆಂಡಿಗೆ ಸುಮಾರು 175 ಮೀ. ವೇಗ ಪುಕ್ಕಟೆ ಸಿಗುತ್ತದೆ. 10 ಕಿ.ಮೀ. ಹೊತ್ತಿಗೆ 45 ಡಿಗ್ರಿ ಬಂದಿರಲಿ. ಒಮ್ಮೆಲೇ ವಾಲಿಸಿದರೆ ಗಾಳಿ ಮೂತಿಯನ್ನು ತಳ್ಳಿ ರಾಕೆಟ್ ಪಲ್ಟಿ ಹೊಡೆಯುತ್ತದೆ; ಬುಡದಲ್ಲಿ ನಾಲ್ಕು ರೆಕ್ಕೆ ಹಾಕಿ. ‘ಎಂ’ ಒತ್ತಿ ನಕ್ಷೆ ನೋಡುತ್ತಾ, ಅಪೊಆಪ್ಸಿಸ್ (ಹಾದಿಯ ಅತಿ ಎತ್ತರದ ಬಿಂದು) 80 ಕಿ.ಮೀ. ತೋರಿಸಿದೊಡನೆ ‘ಎಕ್ಸ್’ ಒತ್ತಿ ಎಂಜಿನ್ ಆರಿಸಿ. ಆ ಬಿಂದುವಿನಲ್ಲಿ ಮೆನೂವರ್ (ಎಂಜಿನ್ ಉರಿಸುವ ಯೋಜನೆಯ ಗುರುತು) ಇಟ್ಟು, ಪೆರಿಆಪ್ಸಿಸ್ (ಹಾದಿಯ ಅತಿ ತಗ್ಗಿನ ಬಿಂದು) 70 ಕಿ.ಮೀ. ದಾಟುವವರೆಗೆ ಅದರ ಪ್ರೋಗ್ರೇಡ್ (ಸಾಗುತ್ತಿರುವ ದಿಕ್ಕಿನ) ಹಿಡಿ ಎಳೆಯಿರಿ. ಉರಿಸಬೇಕಾದ ಸಮಯ 40 ಸೆಕೆಂಡ್ ಇದ್ದರೆ 20 ಸೆಕೆಂಡ್ ಮೊದಲೇ ಶುರುಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳು ಆಲ್ಟನ್ನು ವಿಂಡೊ ಎಳೆಯಲು ತಾವೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಅಲ್ಲಿ ಈ ಆಟ ಬಳಸುವುದು ಬಲಗಡೆಯ ಶಿಫ್ಟ್. ಮಾರ್ಗದರ್ಶಿಗಳಲ್ಲಿ ಆಲ್ಟ್ ಎಂದಿರುವಲ್ಲೆಲ್ಲ ಅದನ್ನೇ ಒತ್ತಿ. ಎಡ ಶಿಫ್ಟ್ ಒತ್ತಬೇಡಿ, ಅದು ಥ್ರಾಟಲ್ (ಎಂಜಿನ್‌ನ ಬಲ) ಏರಿಸುತ್ತದೆ.