ಎಚ್‌ಐವಿ ಮಾತ್ರೆ ಶುರುವಾದಾಗಿನಿಂದ ನಿದ್ದೆಯಿಲ್ಲ, ಕ್ರಿಯಾಟಿನಿನ್ ಕೂಡ ಏರಿದೆ

ಪ್ರಶ್ನೆ: ನನಗೆ 41 ವರ್ಷ. ಐದು ವಾರದಿಂದ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆಯನ್ನು ರಾತ್ರಿ 9ಕ್ಕೆ ನುಂಗುತ್ತಿದ್ದೇನೆ. ಎರಡು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ, ಮುಚ್ಚಿದರೆ ಕೆಟ್ಟ ಕನಸು. ತಲೆನೋವೂ ಇದೆ. ಎದೆಯುರಿಗೆ ಆಗಾಗ ಆಂಟಾಸಿಡ್ ಕುಡಿಯುತ್ತೇನೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) 0.9 ಇದ್ದದ್ದು 1.1 ಆಗಿದೆ. ಕಿಡ್ನಿ ಹೋಗುತ್ತಿದೆಯೇ? ಒಂದು ವಾರ ಮಾತ್ರೆ ಬಿಟ್ಟು ನೋಡಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಮಾತ್ರೆ ನಿಂತರೆ ವೈರಸ್ ಮತ್ತೆ ಬೆಳೆಯತೊಡಗುತ್ತದೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ರಕ್ತದಲ್ಲಿ ಔಷಧ ಅರೆಬರೆಯಾಗಿ ಉಳಿದು, ವೈರಸ್ ಅದಕ್ಕೆ ಒಗ್ಗಿಕೊಳ್ಳಲು ದಾರಿಯಾಗುತ್ತದೆ. ನಿಮಗೆ ಹೆಪಟೈಟಿಸ್ ಬಿ ಕೂಡ ಇದ್ದರೆ ಇನ್ನೂ ಅಪಾಯ: ಟೆನೊಫೊವಿರ್, ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ, ಏಕಾಏಕಿ ನಿಲ್ಲಿಸಿದರೆ ಲಿವರ್ ಜೋರಾಗಿ ಊದಿಕೊಳ್ಳಬಹುದು. ನೀವು ಹೇಳಿದ ಒಂದೊಂದು ತೊಂದರೆಗೂ ಮಾತ್ರೆ ಬಿಡದೆಯೇ ದಾರಿಯಿದೆ.

ಮೊದಲು ನಿದ್ದೆ. ಇದು ಡೊಲುಟೆಗ್ರಾವಿರ್‌ನಿಂದ ಆಗಿರುವ ಸಾಧ್ಯತೆ ಹೆಚ್ಚು. ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿದರೆ ಬಹಳ ಮಂದಿಗೆ ವಾಸಿಯಾಗುತ್ತದೆ. ಬದಲಾಯಿಸುವಾಗ ಎರಡು ಡೋಸ್‌ಗಳ ನಡುವಿನ ಅಂತರ 24 ಗಂಟೆ ಮೀರಬಾರದು, ಹಾಗಾಗಿ ಹಿಂದಕ್ಕೆ ಎಳೆಯುತ್ತಾ ಬನ್ನಿ. ಇವತ್ತು ರಾತ್ರಿ 9, ನಾಳೆ ಸಂಜೆ 6, ನಾಡಿದ್ದು ಮಧ್ಯಾಹ್ನ 3, ಆಮೇಲೆ 12, ಅದರ ಮರುದಿನ ಬೆಳಿಗ್ಗೆ 9. ಹೊಟ್ಟೆ ತುಂಬಿರಲಿ, ಖಾಲಿಯಿರಲಿ, ಈ ಮಾತ್ರೆಗೆ ಅಡ್ಡಿಯಿಲ್ಲ. ಎರಡು ಮೂರು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ, ಬೇರೆ ಔಷಧಗಳಿವೆ. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡವೆನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅದೂ ಈ ಔಷಧದ ಅಡ್ಡಪರಿಣಾಮ ಆಗಿರಬಹುದು, ನಿಮ್ಮ ದೌರ್ಬಲ್ಯವಲ್ಲ.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆಂಟಾಸಿಡ್. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ದಿನಾ ತಪ್ಪದೆ ಮಾತ್ರೆ ನುಂಗಿಯೂ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಇಳಿಯದಿರುವುದಕ್ಕೆ ಇದೂ ಒಂದು ಕಾರಣ. ಎಚ್‌ಐವಿ ಮಾತ್ರೆಯಾದ ಮೇಲೆ ಕನಿಷ್ಠ 2 ಗಂಟೆ ಬಿಟ್ಟು ಆಂಟಾಸಿಡ್ ಕುಡಿಯಿರಿ. ಆಂಟಾಸಿಡ್ ಮೊದಲು ಕುಡಿದಿದ್ದರೆ 6 ಗಂಟೆ ಕಾದು ಮಾತ್ರೆ ನುಂಗಿ. ಬೆಳಿಗ್ಗೆ 9ಕ್ಕೆ ಮಾತ್ರೆಯಾದರೆ 11ರ ನಂತರ, ನಸುಕಿನ 3 ಗಂಟೆಯೊಳಗೆ ಯಾವಾಗ ಕುಡಿದರೂ ಸರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಊಟದ ಜೊತೆಗಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಯಲ್ಲಾದರೆ ಇದೇ ಲೆಕ್ಕ. ಎದೆಯುರಿ ದಿನಾ ಇದ್ದರೆ ಒಮೆಪ್ರಜೋಲ್ ಬಗ್ಗೆ ಕೇಳಿ, ಅದು ಡೊಲುಟೆಗ್ರಾವಿರ್‌ಗೆ ಅಡ್ಡ ಬರುವುದಿಲ್ಲ.

ಇನ್ನು ಕ್ರಿಯಾಟಿನಿನ್. ಕಿಡ್ನಿ ಅದನ್ನು ಎರಡು ದಾರಿಯಲ್ಲಿ ಹೊರಹಾಕುತ್ತದೆ: ಸೋಸುವುದು ಒಂದು, ನಳಿಕೆಗಳ ಮೂಲಕ ತಳ್ಳುವುದು ಇನ್ನೊಂದು. ಡೊಲುಟೆಗ್ರಾವಿರ್ ಈ ಎರಡನೆಯದನ್ನು ಸ್ವಲ್ಪ ತಡೆಯುತ್ತದೆ. ಸೋಸುವ ಕೆಲಸ ಮೊದಲಿನಂತೆಯೇ ನಡೆಯುತ್ತಿದ್ದರೂ ರಕ್ತದಲ್ಲಿ ಅಂಕಿ 0.1, 0.2ರಷ್ಟು ಮೇಲೇರುತ್ತದೆ. ಮೊದಲ ನಾಲ್ಕು ವಾರಗಳಲ್ಲಿ ಏರಿ ಅಲ್ಲೇ ನಿಂತರೆ ಹೆದರಬೇಕಿಲ್ಲ. ಆದರೆ ಟೆನೊಫೊವಿರ್ ಕೆಲವರಲ್ಲಿ ನಿಜವಾಗಿಯೂ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಆದ್ದರಿಂದ ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಮೂತ್ರದಲ್ಲಿ ಪ್ರೋಟೀನ್ ಇದ್ದರೆ, ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ, ಅಥವಾ ಕ್ರಿಯಾಟಿನಿನ್ ಏರುತ್ತಲೇ ಹೋದರೆ ಔಷಧ ಬದಲಿಸುವ ಮಾತು ಬರುತ್ತದೆ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಟೆನೊಫೊವಿರ್ ಜೊತೆ ಅವು ಕಿಡ್ನಿಗೆ ಹೊರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಿ. ಡೊಲುಟೆಗ್ರಾವಿರ್ ಅದರ ಮಟ್ಟವನ್ನು ಏರಿಸುವುದರಿಂದ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು ಜ್ವರದ ಜೊತೆ ಮೈಮೇಲೆ ಗಂದೆ ಎದ್ದರೆ, ಬಾಯಿಯೊಳಗೆ ಬೊಬ್ಬೆ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಪ್ಪಾದರೆ, ಉಸಿರು ಕಟ್ಟಿದರೆ. ಅಬಾಕವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು: ಅದರಿಂದ ಅಲರ್ಜಿಯಾಗಿ ನಿಲ್ಲಿಸಿದ್ದರೆ ಮತ್ತೆ ಒಂದು ಮಾತ್ರೆಯನ್ನೂ ಮುಟ್ಟಬಾರದು, ಎರಡನೇ ಸಲ ಪ್ರಾಣಕ್ಕೇ ಸಂಚಕಾರ.

ಪ್ರಶ್ನೆ: ಇದೇ ಮಾತ್ರೆಯಿಂದ ಎರಡು ವರ್ಷದಲ್ಲಿ 9 ಕೆ.ಜಿ. ಹೆಚ್ಚಿದ್ದೇನೆ. ಬದಲಿಸಿದರೆ ಇಳಿಯುವುದೇ?

ಉತ್ತರ: ಕಾಯಿಲೆಯಲ್ಲಿ ಕರಗಿದ್ದ ಮೈ ಮರಳಿ ತುಂಬಿಕೊಂಡದ್ದು ಒಂದಷ್ಟು, ಡೊಲುಟೆಗ್ರಾವಿರ್ ಸೇರಿಸಿದ್ದು ಒಂದಷ್ಟು. ಮಾತ್ರೆ ಬದಲಿಸಿದರೆ ತೂಕ ಇಳಿದೇ ಇಳಿಯುತ್ತದೆ ಎಂಬ ಭರವಸೆಯಿಲ್ಲ, ಹಾಗಾಗಿ ಅದೊಂದಕ್ಕೇ ಚೆನ್ನಾಗಿ ಕೆಲಸ ಮಾಡುತ್ತಿರುವ ಔಷಧ ಬಿಡುವುದು ನಮಗೆ ಸರಿ ಕಾಣುವುದಿಲ್ಲ. ಸೊಂಟದ ಸುತ್ತಳತೆ, ಬಿ.ಪಿ., ರಕ್ತದ ಸಕ್ಕರೆ, ಕೊಲೆಸ್ಟರಾಲ್ ಈಗಲೇ ನೋಡಿಸಿ, ಮುಂದಿನ ಭೇಟಿಗೆ ಆ ಅಂಕಿಗಳನ್ನು ಬರೆದುಕೊಂಡು ಹೋಗಿ.