ಪ್ರತಿ: ಚರ್ಚಾಸ್ಪರ್ಧೆಗೆ ಗೀತೆಯ 'ಲೋಕಸಂಗ್ರಹ' ಸಾಕೇ?

ಧರ್ಮಗ್ರಂಥದಲ್ಲಿ ಸಾರ್ವಜನಿಕ ಹಿತಕ್ಕೆ ಎಡೆಯಿದೆಯೇ ಎಂಬ ಚರ್ಚೆಯಲ್ಲಿ ನೀವು ಲೋಕಸಂಗ್ರಹಕ್ಕಾಗಿ ಕರ್ಮ ಮಾಡು ಎನ್ನುವ ಗೀತೆಯ 3.20 (3ನೇ ಅಧ್ಯಾಯ, 20ನೇ ಶ್ಲೋಕ) ಹೇಳಿದ ಕೂಡಲೇ ಎದುರಾಳಿ 4.13ರ 'ಚಾತುರ್ವರ್ಣ್ಯಂ ಮಯಾ ಸೃಷ್ಟಂ' (ನಾಲ್ಕು ವರ್ಣಗಳನ್ನು ನಾನೇ ಸೃಷ್ಟಿಸಿದೆ) ಎಂದು ಬಾಯಿ ಮುಚ್ಚಿಸಿದರು ಅಂದಿರಲ್ಲ, ಎಡವಟ್ಟಾದದ್ದು 'ಲೋಕಸಂಗ್ರಹ'ವನ್ನು ನೇರ 'ಸಾರ್ವಜನಿಕ ಹಿತ' ಅಂತ ಹಿಡಿದದ್ದರಿಂದ ಇರಬೇಕು. ನಾನೂ ಅಲ್ಲೇ ಸೋತವನು.

ಮೊದಲು ಆ ಪದವನ್ನು ಬಿಡಿಸಿ. ಶಂಕರಭಾಷ್ಯದ (ಗೀತೆಗೆ ಶಂಕರಾಚಾರ್ಯರ ವ್ಯಾಖ್ಯಾನ) ಪ್ರಕಾರ ಅದು 'ಉನ್ಮಾರ್ಗಪ್ರವೃತ್ತಿನಿವಾರಣ', ಅಂದರೆ ಜನ ದಾರಿ ತಪ್ಪದಂತೆ ತಡೆಯುವುದು. ಅನ್ನ, ನೀರು, ಆಸ್ಪತ್ರೆ ಯಾವುದೂ ಅಲ್ಲಿಲ್ಲ. ಸಮಾಜಕ್ಕಾಗಿ ದುಡಿಮೆ ಎಂಬ ಒತ್ತು ಸಿಗುವುದು ತಿಲಕರು ಮಾಂಡಲೆ ಜೈಲಿನಲ್ಲಿ ಬರೆದು 1915ರಲ್ಲಿ ಅಚ್ಚಾದ ವ್ಯಾಖ್ಯಾನದಲ್ಲಿ. ಶ್ಲೋಕ ಒಂದೇ, ಹಿತ ಎರಡು!

ಆಮೇಲೆ ಅದೇ ಅಧ್ಯಾಯದ 3.35, 'ಸ್ವಧರ್ಮೇ ನಿಧನಂ ಶ್ರೇಯಃ' (ತನ್ನ ಧರ್ಮದಲ್ಲಿದ್ದು ಸಾಯುವುದೇ ಮೇಲು), ಅದನ್ನು ಎದುರಾಳಿಗೆ ಬಿಡದೆ ನೀವೇ ಎತ್ತಿ. ಹುಟ್ಟಿದ ಜಾತಿಯ ಕಸುಬಿಗೇ ಅಂಟಿಕೊಳ್ಳಿ ಅನ್ನುವುದಕ್ಕೆ ಇದನ್ನು ಬಳಸಿದವರಿದ್ದಾರೆ ಎಂದು ಒಪ್ಪಿಕೊಳ್ಳಿ.

ಮೂರನೆಯದಾಗಿ ಮಹಾರಾಷ್ಟ್ರದ ಮಹಾಡ್ ಊರಿನ ಸತ್ಯಾಗ್ರಹ. 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ದಲಿತರಿಗೆ ಮುಟ್ಟಗೊಡದಿದ್ದ ಅಲ್ಲಿನ ಚವದಾರ್ ಕೆರೆಯ ನೀರು ಕುಡಿದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಊರ ಕೆರೆಗಿಂತ ಸಾರ್ವಜನಿಕವಾದದ್ದು ಇನ್ನೇನಿದೆ? (ದಯವೇ ಧರ್ಮದ ಮೂಲ ಅನ್ನುವ ವಚನ ಬೇಡ, ಎಲ್ಲರೂ ಅದನ್ನೇ ಹೇಳಿ ತೀರ್ಪುಗಾರರಿಗೆ ಆಕಳಿಕೆ ಬಂದಿರುತ್ತದೆ.)

ನೀವು 'ಪರ' ಬಣದಲ್ಲಿರುವುದರಿಂದ ವಾದ ಹೀಗಿರಲಿ: ಗ್ರಂಥದಲ್ಲಿ ಹಿತಕ್ಕೆ ಎಡೆಯಿದೆ, ಅದನ್ನು ಹೊರತೆಗೆಯುವುದು ಓದುಗ. ಇದನ್ನು ತೀರ್ಪುಗಾರರು ಜಾರಿಕೆ ಅಂದುಕೊಂಡಾರು, ಖಾತ್ರಿ ಕೊಡಲಾರೆ. ಹಾಗಾಗಿ ಮೊದಲ ವಾಕ್ಯದಲ್ಲೇ ಹೇಳಿಬಿಡಿ.