ಅಂತರಂಗದ ಸಾಧನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಳಿಗ್ಗೆ ಪೂಜೆಯಾದ ಮೇಲೆ 108 ಸಲ ಪಂಚಾಕ್ಷರಿ ಜಪ ಮಾಡುತ್ತೇನೆ. ಬಾಯಿ ‘ನಮಃ ಶಿವಾಯ’ ಅನ್ನುತ್ತಿರುತ್ತದೆ, ಮನಸ್ಸು ಮಗನ ಫೀಸು, ಹಾಲಿನವನ ಲೆಕ್ಕದಲ್ಲಿರುತ್ತದೆ. ಇಂಥ ಜಪದಿಂದ ಪ್ರಯೋಜನ ಉಂಟೇ?
– ಗೃಹಿಣಿ, ಗುಬ್ಬಿ

ಖಂಡಿತ ಉಂಟು ತಾಯಿ. ಮನಸ್ಸು ಎಲ್ಲೋ ಹೋಗಿದೆ ಎಂದು ನಿಮಗೆ ಗೊತ್ತಾಗುತ್ತದಲ್ಲ, ಸಾಧನೆ ನಡೆಯುವುದೇ ಆಗ. ಚಂಚಲ ಮನಸ್ಸು ಎಲ್ಲೆಲ್ಲಿ ಹರಿಯುತ್ತದೋ ಅಲ್ಲಲ್ಲಿಂದಲೇ ಹಿಂದಕ್ಕೆ ತರಬೇಕು ಎಂದು ಗೀತೆಯ ಆರನೇ ಅಧ್ಯಾಯ ಹೇಳುತ್ತದೆ. ಮನಸ್ಸು ಅಲೆಯಲೇಬಾರದು ಎಂಬ ಷರತ್ತು ಅಲ್ಲಿಲ್ಲ.

ತೊಂದರೆ ಇರುವುದು ಬಹುಶಃ ಕ್ರಮದಲ್ಲಿ. ನಮ್ಮಲ್ಲಿ ಜಪ ಮೂರು ಬಗೆ: ಕೇಳುವಂತೆ ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ಒಳಗೊಳಗೇ ನಡೆಯುವ ಮಾನಸ. ‘ಪ್ರಭು ಯೇಸುವೇ, ಪಾಪಿಯಾದ ನನ್ನನ್ನು ಕರುಣಿಸು’ ಎಂದು ಜಪಿಸುವ ಪೂರ್ವದ (ಆರ್ಥೊಡಾಕ್ಸ್ ಪಂಥದ) ಕ್ರೈಸ್ತ ಸಂನ್ಯಾಸಿಗಳೂ ಮೊದಲು ತುಟಿ, ಆಮೇಲೆ ಬುದ್ಧಿ, ಕೊನೆಗೆ ಹೃದಯ ಎನ್ನುತ್ತಾರೆ. ಸೂಫಿಗಳ ಜಿಕ್ರ್ (ದೇವರ ನಾಮಸ್ಮರಣೆ) ಕೂಡ ಸಾಮಾನ್ಯವಾಗಿ ನಾಲಿಗೆಯಿಂದ ಹೃದಯಕ್ಕೆ ಇಳಿಯುತ್ತದೆ. ಮಾನಸವೇ ಶ್ರೇಷ್ಠವೆಂದು ಕೇಳಿ ಹಲವರು ನೇರವಾಗಿ ಅಲ್ಲಿಗೇ ಹಾರುತ್ತಾರೆ. ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಎರಡೇ ನಿಮಿಷಕ್ಕೆ ಜಾರುತ್ತದೆ.

ಹೀಗೆ ಮಾಡಿ ನೋಡಿ. ಮೊದಲ 27 ಮಣಿ ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ, ನಡುವಿನ 54 ತುಟಿಯಲ್ಲಿ, ಕೊನೆಯ 27 ಮನಸ್ಸಿನಲ್ಲಿ. ತಪ್ಪಿಹೋದಿರೋ, ಬೈದುಕೊಳ್ಳದೆ ತುಟಿಗೆ ವಾಪಸ್ಸು ಬನ್ನಿ. ಮಾಲೆ ಬಲಗೈಯ ನಡುಬೆರಳ ಮೇಲಿರಲಿ, ಹೆಬ್ಬೆರಳು ಮಣಿ ಎಳೆಯಲಿ, ತೋರುಬೆರಳು ತಾಗದಿರಲಿ. ಮಾಲೆಯ ತುದಿಯ ದೊಡ್ಡ ಮಣಿ, ಅಂದರೆ ಮೇರುಮಣಿ, ದಾಟದೆ ಅಲ್ಲಿಂದಲೇ ಮಾಲೆ ತಿರುಗಿಸಿ. ಮಣಿಯ ವ್ಯತ್ಯಾಸ ಬೆರಳಿಗೆ ಸಿಕ್ಕಿದ ಕೂಡಲೇ ಮನಸ್ಸೂ ಎಚ್ಚರಾಗುತ್ತದೆ. ಮುಸ್ಲಿಮರ ಜಪಮಾಲೆ ತಸ್ಬೀಹ್‌ನಲ್ಲಿ 33ಕ್ಕೊಮ್ಮೆ, ಕ್ಯಾಥೊಲಿಕರ ಜಪಸರದಲ್ಲಿ ಹತ್ತಕ್ಕೊಮ್ಮೆ ಬೇರೆ ಮಣಿ ಬರುವುದರಿಂದಲೂ ಇದೇ ಅನುಕೂಲ. ಒಂದು ಮಂತ್ರಕ್ಕೆ ಮೂರೂವರೆ ಸೆಕೆಂಡು ಹಿಡಿದರೆ 108ಕ್ಕೆ ಆರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು. ಮೂರು ನಿಮಿಷಕ್ಕೇ ಮಾಲೆ ಮುಗಿಯುತ್ತಿದ್ದರೆ ಅಕ್ಷರ ನುಂಗುತ್ತಿದ್ದೀರಿ ಎಂದರ್ಥ.

ದಿನಾ 20 ನಿಮಿಷ ಪ್ರಾರ್ಥನೆಗೆ ಕೂರುತ್ತೇನೆ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು, ಮನಸ್ಸು ಹಗುರಾಗುತ್ತಿತ್ತು. ಈಗ ಎಷ್ಟೋ ತಿಂಗಳಿಂದ ಬರೀ ಒಣ. ದೇವರು ಕೈಬಿಟ್ಟನೇ?
– ರೈತರು, ಶ್ರೀನಿವಾಸಪುರ

ಎಲ್ಲ ಧರ್ಮದ ಸಾಧಕರೂ ಈ ದಾರಿ ಹಾದೇ ಹೋಗಿದ್ದಾರೆ. ಸ್ಪೇನಿನ ಸಂತ ತೆರೇಸಾ (1515–1582) ಹೇಳಿದ್ದು ನಿಮ್ಮ ಸೀಮೆಯವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ಪ್ರಾರ್ಥನೆ ಎಂದರೆ ತೋಟಕ್ಕೆ ನೀರು ಹಾಯಿಸುವುದು, ಅದಕ್ಕೆ ನಾಲ್ಕು ಬಗೆ ಎನ್ನುತ್ತಾಳೆ ಆಕೆ. ಬಾವಿಯಿಂದ ಕೈಯಾರೆ ಸೇದುವುದು ಮೊದಲನೆಯದು. ರಾಟೆ ತಿರುಗಿಸಿ ಎತ್ತುವುದು ಎರಡನೆಯದು, ನೀವು ಕಪಿಲೆ ಅಂದುಕೊಳ್ಳಿ. ಮೂರನೆಯದು ಹೊಳೆಯ ನೀರು ಹರಿದು ಬರುವುದು, ನಾಲ್ಕನೆಯದು ಮಳೆ. ಒಂದೊಂದಕ್ಕೂ ನಮ್ಮ ಶ್ರಮ ಕಡಿಮೆಯಾಗುತ್ತ ಬರುತ್ತದೆ. ಹೊಸಬರು ಸೇದುವವರು. ಕೆಲವೊಮ್ಮೆ ಬಾವಿಯೇ ಬತ್ತಿರುತ್ತದೆ, ಕೊಡ ಖಾಲಿಯೇ ಮೇಲೆ ಬರುತ್ತದೆ. ಆಗಲೂ ಇಳಿಬಿಡುತ್ತಲೇ ಇರಬೇಕು, ನೀರಿಲ್ಲದೆಯೂ ಗಿಡ ಉಳಿಸಿಕೊಳ್ಳುವುದು ತೋಟದ ಯಜಮಾನನಿಗೆ ಗೊತ್ತು ಎಂಬುದು ಆಕೆಯ ಮಾತು. ಸೂಫಿಗಳು ಮನಸ್ಸು ಮುದುಡುವುದಕ್ಕೆ ಖಬ್ಜ್, ಅರಳುವುದಕ್ಕೆ ಬಸ್ತ್ ಎಂದು ಹೆಸರಿಟ್ಟು, ಎರಡೂ ದೇವರ ಕೈಯಿಂದಲೇ ಬರುತ್ತವೆ ಎನ್ನುತ್ತಾರೆ.

ಯೇಸುಸಭೆ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಶುಷ್ಕತೆಗೆ ಮೂರು ಕಾರಣ ಕೊಡುತ್ತಾನೆ: ನಮ್ಮ ಉದಾಸೀನ, ಸವಿ ಸಿಗದಿದ್ದರೂ ಉಳಿಯುತ್ತೇವೆಯೇ ಎಂಬ ಪರೀಕ್ಷೆ, ಸಿಕ್ಕ ಸವಿ ನಮ್ಮ ಸಂಪಾದನೆಯಲ್ಲ ಎಂಬ ಪಾಠ. ಮೊದಲನೆಯದನ್ನು ನೀವೇ ನೋಡಿಕೊಳ್ಳಬಹುದು. ಕೂರುವ ಹೊತ್ತು ದಿನಕ್ಕೊಂದಾಗಿದೆಯೇ? ರಾತ್ರಿ ಬಹಳ ಹೊತ್ತು ಮೊಬೈಲಿನಲ್ಲಿ ಹೋಗುತ್ತಿದೆಯೇ? ಅಣ್ಣತಮ್ಮಂದಿರೊಂದಿಗೆ ಜಮೀನಿನ ವ್ಯಾಜ್ಯವೋ ಮಾತು ಬಿಟ್ಟಿದ್ದೋ ಇದೆಯೇ? ಕಾಣಿಕೆಯನ್ನು ಬಲಿಪೀಠದ ಬಳಿಯೇ ಬಿಟ್ಟು, ಮೊದಲು ಹೋಗಿ ಸೋದರನೊಡನೆ ಒಂದಾಗು ಎಂದು ಯೇಸು ಹೇಳಿದ್ದು ಇದೇ ಕಾರಣಕ್ಕೆ.

ಇದ್ಯಾವುದೂ ಇಲ್ಲವಾದರೆ ಏನನ್ನೂ ಬದಲಿಸಬೇಡಿ. ಒಣಗಿದ ದಿನಗಳಲ್ಲಿ ಹಳೆಯ ನಿರ್ಧಾರ ಮುರಿಯಬಾರದು ಎಂಬ ಇಗ್ನೇಷಿಯಸ್‌ನ ನಿಯಮ ಬಹಳ ಅನುಭವದ್ದು. ಹೊಸ ಮಂತ್ರ, ಹೊಸ ಗುರು, ಹೊಸ ಉಪವಾಸಕ್ಕೆ ಜನ ಕೈಹಾಕಿ ಕೆಡುವುದು ಈ ಹೊತ್ತಿನಲ್ಲೇ. ಬೇಸರ ಎದ್ದೇಳು ಎಂದಾಗ ಒಂದು ನಿಮಿಷ ಹೆಚ್ಚು ಕೂತು ಏಳಿ. 20 ಇದ್ದದ್ದು 21 ಆಗಲಿ, 40 ಬೇಡ.

ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸ. ಬೆಳಗಿನ ಜಾವ ನಾಲ್ಕಕ್ಕೆ ಧ್ಯಾನಕ್ಕೆ ಕೂತರೆ ತೂಕಡಿಕೆ. ಏನು ಮಾಡಲಿ?
– ಶಿಡ್ಲಘಟ್ಟ

ಬುದ್ಧನ ಶಿಷ್ಯ ಮೊಗ್ಗಲ್ಲಾನನಿಗೂ ಹೀಗೇ ಆಯಿತು. ಬುದ್ಧ ಆತನಿಗೆ ಮೆಟ್ಟಿಲು ಮೆಟ್ಟಿಲಾಗಿ ಉಪಾಯ ಹೇಳಿದ: ನಿದ್ದೆ ತರಿಸಿದ ಯೋಚನೆ ಬಿಡು, ಕಲಿತ ಧರ್ಮವನ್ನು ಮನನ ಮಾಡು, ಗಟ್ಟಿಯಾಗಿ ಪಠಿಸು, ಕಿವಿ ಎಳೆದುಕೊಂಡು ಮೈಕೈ ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿ ನಕ್ಷತ್ರ ನೋಡು, ಬೆಳಕನ್ನು ನೆನೆ, ಅತ್ತಿಂದಿತ್ತ ನಡೆ. ಯಾವುದೂ ನಡೆಯದಿದ್ದರೆ, ಏಳುವ ಸಂಕಲ್ಪ ಮಾಡಿ ಬಲ ಮಗ್ಗುಲಿಗೆ ಮಲಗು ಎಂದೂ ಹೇಳಿದ. ಆ ಕೊನೆಯ ಮಾತನ್ನು ಮರೆಯಬೇಡಿ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವವರಿಗೆ ಬೇಕಿರುವುದು ನಿದ್ದೆ. ಅತಿಯಾಗಿ ಎಚ್ಚರಿರುವವನಿಗೆ ಯೋಗವಿಲ್ಲ ಎಂದು ಗೀತೆಯೂ ಹೇಳಿದೆ. ನಾಲ್ಕರ ಹಟ ಬಿಟ್ಟು ಸಂಜೆ ಕೆಲಸ ಮುಗಿಸಿ ಕೈಕಾಲು ತೊಳೆದು, ಊಟಕ್ಕೆ ಮೊದಲು 15 ನಿಮಿಷ ಕೂರಿ. ಬಿಸಿನೀರು, ತಿರುಗುವ ಯಂತ್ರದ ಮುಂದೆ ಕಣ್ಣು ಮುಚ್ಚುವ ಪ್ರಯತ್ನ ಎಂದೂ ಬೇಡ.

ನಾವು ಕೈವಾರ ತಾತಯ್ಯನವರ ಒಕ್ಕಲು. ಮುರುಗಮಲ್ಲ ದರ್ಗಾಕ್ಕೂ ಹೋಗುತ್ತೇವೆ. ಎಲ್ಲ ಧರ್ಮದ ಸಾರ ಒಂದೇ ಅಲ್ಲವೇ? ಭಜನೆ, ಜಿಕ್ರ್, ಉಸಿರಿನ ಧ್ಯಾನ ಎಲ್ಲವನ್ನೂ ಸೇರಿಸಿ ಮಾಡಬಹುದೇ?
– ಚಿಂತಾಮಣಿ

ದರ್ಗಾಕ್ಕೆ ಹೋಗಿ, ಸಕ್ಕರೆ ಓದಿಸಿ, ಅದು ನಿಮ್ಮ ಸೀಮೆಯ ಒಳ್ಳೆಯ ನಡತೆ. ನಿತ್ಯದ ಸಾಧನೆ ಮಾತ್ರ ಒಂದೇ ಇರಲಿ. ಬೌದ್ಧನ ಉಸಿರಿನ ಧ್ಯಾನದಲ್ಲಿ ಸೃಷ್ಟಿಕರ್ತನನ್ನು ಕರೆಯುವುದಿಲ್ಲ. ಜಿಕ್ರ್‌ನಲ್ಲಿ ಕರೆಯುವುದು ಆತನನ್ನೇ. ಶರಣರ ಇಷ್ಟಲಿಂಗ ಅಂಗೈಯಲ್ಲಿರುತ್ತದೆ, ದೃಷ್ಟಿ ಅಲ್ಲಿ ನಿಲ್ಲಬೇಕು. ಗೊತ್ತುಗುರಿ ಬೇರೆಯಾದವನ್ನು ಒಂದೇ ಕೂರಿಕೆಯಲ್ಲಿ ಬೆರೆಸಿದರೆ, ಒಂದು ಬೇಸರವಾದ ಕೂಡಲೇ ಮನಸ್ಸು ಇನ್ನೊಂದಕ್ಕೆ ಓಡುತ್ತದೆ, ಯಾವುದೂ ಆಳಕ್ಕೆ ಇಳಿಯುವುದಿಲ್ಲ. ಹಲವು ಮಾರ್ಗ ಹಿಡಿದ ರಾಮಕೃಷ್ಣ ಪರಮಹಂಸರೂ ಇಸ್ಲಾಂ ಸಾಧನೆಯ ದಿನಗಳಲ್ಲಿ ಕಾಳಿಯ ಗುಡಿಗೆ ಹೋಗದೆ ಅದೊಂದರಲ್ಲೇ ಇದ್ದರು. ಬೇರೆಯವರಿಂದ ಕಲಿಯಬೇಕಾದ್ದು ತಾಳ್ಮೆ, ಕ್ರಮ, ನಿಷ್ಠೆ. ಅಷ್ಟು ಕಲಿತರೂ ಬಹಳ.

ರಾತ್ರಿ ಮಲಗುವಾಗ ದಿನದ ತಪ್ಪುಗಳನ್ನು ನೆನೆದು ಕ್ಷಮೆ ಕೇಳುತ್ತೇನೆ. ಆದರೆ ತಪ್ಪೇ ತಪ್ಪು ಕಂಡು ನಿದ್ದೆ ಬರುವುದಿಲ್ಲ.
– ಸರ್ಕಾರಿ ನೌಕರರು, ತುಮಕೂರು

ಜೈನರ ಪ್ರತಿಕ್ರಮಣ, ಸೂಫಿಗಳ ಮುಹಾಸಬಾ, ಯೆಹೂದಿಗಳ ಆತ್ಮದ ಲೆಕ್ಕ, ಎಲ್ಲವೂ ಈ ಕೆಲಸವೇ. ನೀವು ಮಾಡುತ್ತಿರುವುದರಲ್ಲಿ ಎರಡು ಬದಲಾಗಬೇಕು. ಹಾಸಿಗೆಯಲ್ಲಿ ಬೇಡ, ಊಟಕ್ಕೆ ಮೊದಲು ಕುರ್ಚಿಯ ಮೇಲೆ ಕೂತು, 10 ನಿಮಿಷಕ್ಕೆ ಗಡಿಯಾರ ಇಟ್ಟು ಮುಗಿಸಿ. ಇನ್ನೊಂದು, ತಪ್ಪಿನಿಂದ ಶುರು ಮಾಡಬೇಡಿ. ಇಗ್ನೇಷಿಯಸ್‌ನ ಕ್ರಮದಲ್ಲಿ ಮೊದಲು ಕೃತಜ್ಞತೆ, ಆಮೇಲೆ ತಪ್ಪು ಕಾಣುವ ಬೆಳಕಿಗಾಗಿ ಬೇಡಿಕೆ, ಬಳಿಕ ಬೆಳಗಿನಿಂದ ಗಂಟೆಗಂಟೆಯ ಅವಲೋಕನ, ಕ್ಷಮೆ, ಕೊನೆಗೆ ತಿದ್ದಿಕೊಳ್ಳುವ ಸಂಕಲ್ಪ. ‘ನಾನು ಕೆಟ್ಟವನು’ ಎಂಬುದು ಲೆಕ್ಕವಲ್ಲ. ‘ಹನ್ನೊಂದು ಗಂಟೆಗೆ ಅರ್ಜಿ ತಂದ ಮುದುಕಿಯ ಮುಖ ನೋಡದೆ ನಾಳೆ ಬಾ ಎಂದೆ’ ಎಂಬುದು ಲೆಕ್ಕ. ಅದಕ್ಕೆ ಪರಿಹಾರವೂ ಇದೆ: ನಾಳೆ ಆಕೆಯ ಅರ್ಜಿ ಮೊದಲು ನೋಡುವುದು. ದಿನಕ್ಕೆ ಇಂಥ ಒಂದು ಸಾಕು.

ಕ್ಷಮೆ ಕೇಳಿ ಮುಗಿಸಿದ್ದನ್ನು ಮತ್ತೆ ಕೆದಕಬಾರದು. ಇಗ್ನೇಷಿಯಸ್ ಸ್ವತಃ ಸ್ಪೇನಿನ ಮನ್ರೇಸಾದಲ್ಲಿ ಹಳೆಯ ಪಾಪಗಳನ್ನೇ ಮತ್ತೆಮತ್ತೆ ಒಪ್ಪಿಕೊಳ್ಳುತ್ತ ಜೀವ ಬಿಡುವ ಯೋಚನೆಯವರೆಗೂ ಹೋದವನು; ಹಳೆಯದನ್ನು ಇನ್ನು ಹೇಳುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅದರಿಂದ ಬಿಡುಗಡೆ ಪಡೆದ. ಹೀಗೆ ಬದಲಿಸಿದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.